ಆಲ್-ಇನ್-ಒನ್ ಕಂಪ್ಯೂಟರಿಗೆ ಎಸ್‌ಎಸ್‌ಡಿ ಅಳವಡಿಸುವುದು: ತಯಾರಿಯಿಂದ ಮೊದಲ ಬೂಟ್‌ವರೆಗೆ

ಪರದೆಯ ಬೆನ್ನಿಗೇ ಇಡೀ ಕಂಪ್ಯೂಟರನ್ನು ಕೂಡಿಸಿಕೊಂಡಿರುವ ಆಲ್-ಇನ್-ಒನ್ ಯಂತ್ರಗಳನ್ನು ಬಳಸುವ ಓದುಗರು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. ಪರದೆ ಚೆನ್ನಾಗಿದೆ, ಪ್ರೊಸೆಸರ್ ಕೂಡ ದಿನನಿತ್ಯದ ಕೆಲಸಕ್ಕೆ ಸಾಕಾಗುವಂತಿದೆ, ಆದರೂ ಆನ್ ಮಾಡಿದ ಮೇಲೆ ಕೆಲಸ ಶುರುಮಾಡಲು ನಿಮಿಷಗಟ್ಟಲೆ ಕಾಯಬೇಕು. ಇದರ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಬಹುದೇ, ಹಾಕಿದರೆ ಈಗಿರುವ ಕಡತಗಳೂ ಪ್ರೋಗ್ರಾಂಗಳೂ ಹಾಗೆಯೇ ಉಳಿಯುತ್ತವೆಯೇ ಎಂಬುದು ಆ ಪ್ರಶ್ನೆ. ಹಾರ್ಡ್ ಡಿಸ್ಕ್ ಇರುವ ಬಹುಪಾಲು ಯಂತ್ರಗಳ ಮಟ್ಟಿಗೆ ಎರಡಕ್ಕೂ ಹೌದು ಎಂಬುದೇ ಉತ್ತರ.

ಆದರೆ ಬೇರೆಯೇ ಪೆಟ್ಟಿಗೆಯಿರುವ ಡೆಸ್ಕ್‌ಟಾಪ್‌ನಲ್ಲಿ ಸಲೀಸಾಗಿ ಆಗುವ ಈ ಕೆಲಸ ಆಲ್-ಇನ್-ಒನ್‌ನಲ್ಲಿ ಅಷ್ಟು ಸಲೀಸಲ್ಲ. ಇಲ್ಲಿ ತೆರೆಯಬೇಕಾಗಿರುವುದು ಗಾಜಿನ ಪರದೆಯನ್ನು ಹೊತ್ತ ದೇಹವನ್ನೇ. ತೆರೆದ ಮೇಲೆ ತಂದ ಡಿಸ್ಕ್ ಕೂರುವುದಿಲ್ಲವೆಂದು ಗೊತ್ತಾಗಿ, ಮುಚ್ಚಿ, ಮತ್ತೆ ತೆರೆಯುವಂತಾದರೆ ಪ್ರತಿ ಸಲವೂ ಕ್ಲಿಪ್ ಮುರಿಯುವ, ಕೇಬಲ್ ಹರಿಯುವ, ಪರದೆ ಬಿರುಕು ಬಿಡುವ ಅಪಾಯವಿದ್ದೇ ಇರುತ್ತದೆ. ಆದ್ದರಿಂದ ಸ್ಕ್ರೂಡ್ರೈವರನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಮುಗಿದಿರಬೇಕು. ಕೆಳಗಿನ ಮೊದಲ ನಾಲ್ಕು ಹಂತಗಳು ಯಂತ್ರವನ್ನು ಬಿಚ್ಚದೆಯೇ ಮಾಡುವಂಥವು. ದಯವಿಟ್ಟು ಅವುಗಳನ್ನು ದಾಟಿಕೊಂಡು ಮುಂದೆ ಹೋಗಬೇಡಿ.

ನಿಧಾನಕ್ಕೆ ಕಾರಣವೇನು?

ಆಲ್-ಇನ್-ಒನ್‌ಗಳ ಒಳಗೆ ಜಾಗ ಕಡಿಮೆ. ಹಾಗಾಗಿ ತಯಾರಕರು ಹಲವು ಮಾದರಿಗಳಲ್ಲಿ ಲ್ಯಾಪ್‌ಟಾಪ್‌ಗಳಿಗೆಂದು ಮಾಡಿದ 2.5 ಇಂಚಿನ, ನಿಮಿಷಕ್ಕೆ 5400 ಸುತ್ತು ತಿರುಗುವ ಹಾರ್ಡ್ ಡಿಸ್ಕ್ ಬಳಸಿದ್ದಾರೆ. ಈ ವೇಗದಲ್ಲಿ ತಟ್ಟೆ ಒಂದು ಸುತ್ತು ಮುಗಿಸಲು ಸುಮಾರು 11 ಮಿಲಿಸೆಕೆಂಡ್ ಬೇಕು. ಬೇಕಾದ ಮಾಹಿತಿ ತಟ್ಟೆಯ ಯಾವ ಭಾಗದಲ್ಲಿದೆಯೋ ಆ ಭಾಗ ಓದುವ ಮುಳ್ಳಿನ ಕೆಳಗೆ ಬರುವವರೆಗೆ ಡಿಸ್ಕ್ ಕಾಯಲೇಬೇಕು, ಮುಳ್ಳು ತಾನಿರುವ ಜಾಗದಿಂದ ಅಲ್ಲಿಗೆ ಸರಿಯಲೂ ಸಮಯ ಬೇಕು. ಕಂಪ್ಯೂಟರ್ ಶುರುವಾಗುವಾಗ ಸಾವಿರಾರು ಸಣ್ಣ ಕಡತಗಳನ್ನು ಅಲ್ಲೊಂದು ಇಲ್ಲೊಂದರಂತೆ ಓದುವುದರಿಂದ ಹೆಚ್ಚಿನ ಹೊತ್ತು ಈ ಕಾಯುವಿಕೆಯಲ್ಲೇ ಕಳೆದುಹೋಗುತ್ತದೆ. ಎಸ್‌ಎಸ್‌ಡಿ ಎಂದರೆ ತಿರುಗುವ ಭಾಗವೇ ಇಲ್ಲದ, ಫ್ಲ್ಯಾಶ್ ಚಿಪ್‌ಗಳಲ್ಲಿ ಮಾಹಿತಿ ಇಡುವ ಸಾಧನ; ಅದರಲ್ಲಿ ಯಾವ ಮೂಲೆಯ ಮಾಹಿತಿಯಾದರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸಿಗುತ್ತದೆ. ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿದಾಗ ಕಾಣುವ ದೊಡ್ಡ ವ್ಯತ್ಯಾಸಕ್ಕೆ ಕಾರಣ ಇದೇ. ರ‍್ಯಾಮ್ ಹೆಚ್ಚಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. 4 ಜಿಬಿ ಮಾತ್ರ ಇದ್ದರೆ ಅದನ್ನೂ ಹೆಚ್ಚಿಸುವುದು ಒಳ್ಳೆಯದೇ. ಆದರೆ 8 ಜಿಬಿ ಇದ್ದೂ ಯಂತ್ರ ತೆವಳುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಹಾರ್ಡ್ ಡಿಸ್ಕನ್ನು.

ಹಂತ 1: ಒಳಗೆ ಏನಿದೆ ಎಂದು ತಿಳಿದುಕೊಳ್ಳಿ

ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರತಿ ಡಿಸ್ಕಿನ ಹೆಸರಿನ ಜೊತೆ ಅದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ಎಂದು ಬರೆದಿರುತ್ತದೆ. ಅಲ್ಲೇ ಕಾಣುವ ಮಾದರಿ ಸಂಖ್ಯೆಯನ್ನು ಅಂತರಜಾಲದಲ್ಲಿ ಹುಡುಕಿದರೆ ಅದು 2.5 ಇಂಚಿನದೋ 3.5 ಇಂಚಿನದೋ, ದಪ್ಪ ಎಷ್ಟು ಎಂಬುದು ಸಿಗುತ್ತದೆ. ಐಮ್ಯಾಕ್‌ನಲ್ಲಿ ಆಪಲ್ ಮೆನುವಿನ ಸಿಸ್ಟಂ ರಿಪೋರ್ಟ್ ಇದೇ ವಿವರ ಕೊಡುತ್ತದೆ.

ಈಗಿರುವ ಡಿಸ್ಕ್ ಯಾವುದೆಂದು ತಿಳಿದರೆ ಅರ್ಧ ಮಾತ್ರ ತಿಳಿದಂತೆ. ಖಾಲಿ ಇರುವ ಜಾಗ ಯಾವುದು ಎಂಬುದು ಇನ್ನರ್ಧ. ಅದಕ್ಕೆ ನಂಬಬೇಕಾದದ್ದು ತಯಾರಕರ ಸರ್ವಿಸ್ ಮ್ಯಾನ್ಯುಯಲ್ ಒಂದನ್ನೇ. ಎಚ್‌ಪಿ, ಡೆಲ್, ಲೆನೊವೊ ಕಂಪನಿಗಳು ತಮ್ಮ ಬಹಳಷ್ಟು ಮಾದರಿಗಳಿಗೆ ಬಿಚ್ಚುವ ಕ್ರಮವನ್ನು ಚಿತ್ರಗಳೊಂದಿಗೆ ವಿವರಿಸುವ ಕೈಪಿಡಿಯನ್ನು ತಮ್ಮ ಜಾಲತಾಣಗಳಲ್ಲಿ ಉಚಿತವಾಗಿ ಇಟ್ಟಿವೆ. ಯಂತ್ರದ ಹಿಂದಿನ ಚೀಟಿಯಲ್ಲಿರುವ ಪೂರ್ತಿ ಮಾದರಿ ಸಂಖ್ಯೆಯನ್ನೇ ಹಾಕಿ ಹುಡುಕಿ. ಹೆಸರು ಒಂದೇ ಆಗಿದ್ದು ಕೊನೆಯ ಎರಡು ಅಕ್ಷರ ಬೇರೆಯಾದರೂ ಒಳಗಿನ ಮದರ್‌ಬೋರ್ಡ್ ಬೇರೆಯಾಗಿರಬಹುದು.

ಕೈಪಿಡಿಯಲ್ಲಿ ಮೂರು ಪದಗಳನ್ನು ಹುಡುಕಬೇಕು. ಮೊದಲನೆಯದು ಸಾಟಾ: ಹಾರ್ಡ್ ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ, ವರ್ಷಗಳಿಂದ ಬಳಕೆಯಲ್ಲಿರುವ ಸಂಪರ್ಕ. ಇದರ ಮೂರನೆಯ ತಲೆಮಾರಿನ ಸಂಪರ್ಕದಲ್ಲಿ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ವೇಗದಲ್ಲಿ ಓದಬಲ್ಲದು. ಎರಡನೆಯದು ಎಂ.2: ಮದರ್‌ಬೋರ್ಡಿನ ಮೇಲೇ ಇರುವ ಸಣ್ಣ ಸ್ಲಾಟ್. ಇದರಲ್ಲಿ ಕೂರುವ ಎಸ್‌ಎಸ್‌ಡಿ ಉದ್ದನೆಯ ತೆಳು ಪಟ್ಟಿಯಂತಿರುತ್ತದೆ. ಮೂರನೆಯದು ಎನ್‌ವಿಎಂಇ: ಇದು ಸ್ಲಾಟಿನ ಹೆಸರಲ್ಲ, ಎಸ್‌ಎಸ್‌ಡಿಯು ಪ್ರೊಸೆಸರಿನೊಡನೆ ಪಿಸಿಐಇ ಮಾರ್ಗದಲ್ಲಿ ನೇರವಾಗಿ ವ್ಯವಹರಿಸುವ ವಿಧಾನ. ಪಿಸಿಐಇ ಮೂರನೆಯ ತಲೆಮಾರಿನ ನಾಲ್ಕು ಲೇನ್‌ಗಳಿದ್ದರೆ ಇದರ ವೇಗ ಸೆಕೆಂಡಿಗೆ ಸುಮಾರು 3500 ಎಂಬಿಯವರೆಗೆ ಹೋಗುತ್ತದೆ.

ಹೆಚ್ಚು ಜನ ಎಡವುವುದು ಇಲ್ಲಿಯೇ. ಎಂ.2 ಸ್ಲಾಟ್ ಇದೆ ಎಂದಾಕ್ಷಣ ಯಾವ ಎಂ.2 ಎಸ್‌ಎಸ್‌ಡಿಯಾದರೂ ನಡೆಯುತ್ತದೆ ಎಂದಲ್ಲ. ಕೆಲವು ಸ್ಲಾಟ್‌ಗಳು ಸಾಟಾ ಬಗೆಯ ಎಂ.2 ಡಿಸ್ಕನ್ನು ಮಾತ್ರ ಗುರುತಿಸುತ್ತವೆ, ಕೆಲವು ಎನ್‌ವಿಎಂಇಯನ್ನು ಮಾತ್ರ, ಇನ್ನು ಕೆಲವು ಎರಡನ್ನೂ. ವೈ-ಫೈ ಕಾರ್ಡಿಗೆಂದೇ ಇರುವ ಎಂ.2 ಸ್ಲಾಟಿನಲ್ಲಿ ಎಸ್‌ಎಸ್‌ಡಿ ಕೂರುವುದೇ ಇಲ್ಲ. 2014ಕ್ಕೂ ಹಿಂದಿನ ಹಲವು ಯಂತ್ರಗಳ ಬಯೋಸ್‌ಗೆ, ಅಂದರೆ ಆನ್ ಮಾಡಿದೊಡನೆ ಎಲ್ಲಕ್ಕಿಂತ ಮೊದಲು ಓಡುವ ಮದರ್‌ಬೋರ್ಡಿನ ತಂತ್ರಾಂಶಕ್ಕೆ, ಎನ್‌ವಿಎಂಇ ಡಿಸ್ಕಿನಿಂದ ಬೂಟ್ ಆಗುವುದು ಗೊತ್ತಿಲ್ಲ. ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿಲ್ಲವಾದರೆ ಸಾಟಾ ಡಿಸ್ಕನ್ನೇ ಬದಲಿಸುವುದು ಕ್ಷೇಮ.

ಬದಲಿಸಲು ಸಾಧ್ಯವೇ ಇಲ್ಲದ ಯಂತ್ರಗಳೂ ಇವೆ. 2021ರಲ್ಲಿ ಬಂದ ಎಂ1 ಚಿಪ್ಪಿನ 24 ಇಂಚಿನ ಐಮ್ಯಾಕ್‌ನಲ್ಲಿ ಸಂಗ್ರಹದ ಚಿಪ್‌ಗಳನ್ನು ಬೋರ್ಡಿಗೇ ಬೆಸೆಯಲಾಗಿದೆ. ಅದನ್ನು ತೆರೆದು ಪ್ರಯೋಜನವಿಲ್ಲ. ಅಂಥ ಯಂತ್ರಕ್ಕೆ ಜಾಗ ಸಾಲದಿದ್ದರೆ ಥಂಡರ್‌ಬೋಲ್ಟ್ ಅಥವಾ ಯುಎಸ್‌ಬಿ-ಸಿ ಮೂಲಕ ಹೊರಗಿನ ಎಸ್‌ಎಸ್‌ಡಿ ಜೋಡಿಸುವುದೇ ದಾರಿ.

ಐಮ್ಯಾಕ್ ಇರುವವರಿಗೆ ಇನ್ನೂ ಕೆಲವು ಮಾತು. 2012ರ ಕೊನೆಯಲ್ಲಿ ಬಂದ ತೆಳು ಅಂಚಿನ ಮಾದರಿಯಿಂದ ಮುಂದಕ್ಕೆ ಇಂಟೆಲ್ ಐಮ್ಯಾಕ್‌ಗಳ ಪರದೆಯನ್ನು ಅಂಟುಪಟ್ಟಿಯಿಂದ ದೇಹಕ್ಕೆ ಅಂಟಿಸಲಾಗಿದೆ. ತೆರೆಯಲು ಅಂಟನ್ನು ಕತ್ತರಿಸುವ ತೆಳು ಚಕ್ರದ ಉಪಕರಣ ಬೇಕು, ಮುಚ್ಚಲು ಆ ಮಾದರಿಗೆಂದೇ ಕತ್ತರಿಸಿದ ಹೊಸ ಅಂಟುಪಟ್ಟಿಗಳು ಬೇಕು. ಅದಕ್ಕೂ ಹಿಂದಿನ, 2009ರಿಂದ 2011ರವರೆಗಿನ ಮಾದರಿಗಳಲ್ಲಿ ಗಾಜು ಆಯಸ್ಕಾಂತದಿಂದ ನಿಂತಿರುವುದರಿಂದ ತೆರೆಯುವುದು ಸುಲಭ. ಆದರೆ ಅವುಗಳಲ್ಲಿ ಹಾರ್ಡ್ ಡಿಸ್ಕಿನ ತಾಪಮಾನವನ್ನು ಅಳೆಯಲು ವಿಶೇಷ ಏರ್ಪಾಡಿದ್ದು, ಬೇರೆ ಡಿಸ್ಕ್ ಹಾಕಿದಾಗ ಆ ಅಳತೆ ಸಿಗದೆ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗತೊಡಗುತ್ತದೆ. ಇದಕ್ಕೆಂದೇ ಸಿಗುವ ತಾಪಮಾನ ಸಂವೇದಕದ ಕೇಬಲನ್ನು ಡಿಸ್ಕಿನ ಜೊತೆಗೇ ತರಿಸಿಕೊಳ್ಳಬೇಕು. ಅಂಟಿನ ಪರದೆಯ ಐಮ್ಯಾಕನ್ನು ಮೊದಲ ಸಲದ ಪ್ರಯತ್ನಕ್ಕೆ ನಾನು ಯಾರಿಗೂ ಹೇಳುವುದಿಲ್ಲ. ಅದರ ವಿದ್ಯುತ್ ಪೂರೈಕೆಯ ಬೋರ್ಡ್ ದೇಹದೊಳಗೇ ಇದ್ದು, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಅನುಭವಿ ಕೆಲಸಗಾರರಿಗೆ ಒಪ್ಪಿಸಿ, ಇಲ್ಲವೇ ಹೊರಗಿನ ಎಸ್‌ಎಸ್‌ಡಿಯಲ್ಲೇ ಮ್ಯಾಕ್ಓಎಸ್ ಇನ್‌ಸ್ಟಾಲ್ ಮಾಡಿ ಅಲ್ಲಿಂದಲೇ ಬೂಟ್ ಮಾಡಿ. ಮ್ಯಾಕ್‌ನಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ.

ಹಂತ 2: ಸರಿಯಾದ ಡಿಸ್ಕ್ ಆರಿಸಿಕೊಳ್ಳಿ

2.5 ಇಂಚಿನ ಹಾರ್ಡ್ ಡಿಸ್ಕ್ ಇರುವ ಕಡೆ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಯಾವ ತಕರಾರೂ ಇಲ್ಲದೆ ಕೂರುತ್ತದೆ. ಇಂಥ ಎಸ್‌ಎಸ್‌ಡಿಗಳ ದಪ್ಪ ಸಾಮಾನ್ಯವಾಗಿ 7 ಮಿಲಿಮೀಟರ್. ಹಳೆಯ ಡಿಸ್ಕ್ 9.5 ಮಿಲಿಮೀಟರ್ ಇದ್ದರೆ ನಡುವಿನ ಸಂದಿಗೆ ಪ್ಲಾಸ್ಟಿಕ್ ಚೌಕಟ್ಟು ಸೇರಿಸಬೇಕಾಗಬಹುದು. 3.5 ಇಂಚಿನ ಡಿಸ್ಕ್ ಇರುವ ಕಡೆಯೂ ಅಳತೆ ಹೊಂದಿಸುವ ಬ್ರ್ಯಾಕೆಟ್ ಬಳಸಿ 2.5 ಇಂಚಿನದನ್ನು ಕೂರಿಸಬಹುದು. ಸಾಟಾದ ದತ್ತಾಂಶ ಮತ್ತು ವಿದ್ಯುತ್ ಕನೆಕ್ಟರ್‌ಗಳು ಎರಡು ಅಳತೆಗೂ ಒಂದೇ. ಅದರ ತಿರುಗುಮುರುಗು ಮಾತ್ರ ಆಗದು: 3.5 ಇಂಚಿನ ಹಾರ್ಡ್ ಡಿಸ್ಕಿಗೆ 12 ವೋಲ್ಟ್ ಕೂಡ ಬೇಕು, 2.5 ಇಂಚಿಗೆಂದು ಮಾಡಿದ ಯಂತ್ರದಲ್ಲಿ ಅದು ಇಲ್ಲದಿರಬಹುದು.

ಎಂ.2 ಆರಿಸುವುದಾದರೆ ಉದ್ದ ನೋಡಿ. 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242 ಮತ್ತು 2230 ಎಂಬುವು ಇನ್ನೂ ಗಿಡ್ಡ. ಬೋರ್ಡಿನ ಮೇಲೆ ಸ್ಕ್ರೂ ಹಾಕುವ ಗುಬ್ಬಿ ಯಾವ ದೂರದಲ್ಲಿದೆ ಎಂಬುದರ ಮೇಲೆ ಯಾವುದು ಕೂರುತ್ತದೆಂದು ನಿರ್ಧಾರವಾಗುತ್ತದೆ. ಲೋಹದ ದಪ್ಪ ಹೀಟ್‌ಸಿಂಕ್, ಅಂದರೆ ಬಿಸಿಯನ್ನು ಹೊರಚೆಲ್ಲುವ ಪಟ್ಟಿ, ಅಂಟಿಸಿಕೊಂಡು ಬರುವ ಎಸ್‌ಎಸ್‌ಡಿಯನ್ನು ಆಲ್-ಇನ್-ಒನ್‌ಗೆ ಕೊಳ್ಳಬೇಡಿ. ತೆಳು ದೇಹದಲ್ಲಿ ಅದು ಹಿಂಬದಿಯ ಮುಚ್ಚಳಕ್ಕೆ ತಾಗುತ್ತದೆ. ಅತಿ ವೇಗದ, ಅತಿ ಬಿಸಿಯಾಗುವ ಮಾದರಿಯೂ ಬೇಡ. ಗಾಳಿಯಾಟ ಕಡಿಮೆಯಿರುವ ದೇಹದಲ್ಲಿ ಅದು ಬಿಸಿಯಾಗಿ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ.

ಬಳಸಿದ ಚಿಪ್ಪಿನ ಬಗೆಯನ್ನೂ ಗಮನಿಸಿ. ಟಿಎಲ್‌ಸಿ ಎಂದರೆ ಒಂದು ಕೋಶದಲ್ಲಿ 3 ಬಿಟ್ ಇಡುವುದು, ಕ್ಯೂಎಲ್‌ಸಿ ಎಂದರೆ 4 ಬಿಟ್. ಬಿಟ್ ಹೆಚ್ಚಿದಂತೆ ಅದೇ ಗಾತ್ರದಲ್ಲಿ ಹೆಚ್ಚು ಸಂಗ್ರಹ ಸಿಗುತ್ತದೆ, ಆದರೆ ಬರೆಯುವ ವೇಗವೂ ಬಾಳಿಕೆಯೂ ಇಳಿಯುತ್ತವೆ. ಆಪರೇಟಿಂಗ್ ಸಿಸ್ಟಂ ಇರುವ ಏಕೈಕ ಡಿಸ್ಕಿಗೆ ಟಿಎಲ್‌ಸಿ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ.

ಗಾತ್ರದ ವಿಷಯದಲ್ಲಿ, ಈಗ ಬಳಕೆಯಾಗಿರುವ ಜಾಗಕ್ಕಿಂತ ಕನಿಷ್ಠ ಒಂದೂವರೆ ಪಟ್ಟು ದೊಡ್ಡದನ್ನು ಆರಿಸಿ. ಎಸ್‌ಎಸ್‌ಡಿ ತುಂಬಿ ತುಳುಕಿದರೆ ಬರೆಯುವ ವೇಗ ಕುಗ್ಗುತ್ತದೆ. 1 ಟಿಬಿ ಕೊಂಡು ಜೋಡಿಸಿದ ಮೇಲೆ ವಿಂಡೋಸ್ 931 ಜಿಬಿ ಎಂದಷ್ಟೇ ತೋರಿಸಿದರೆ ಗಾಬರಿ ಬೇಡ, ಮೋಸವೇನೂ ನಡೆದಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಡಿಸ್ಕಿನ ಜೊತೆಗೆ ಇವನ್ನೂ ಸಿದ್ಧಪಡಿಸಿಕೊಳ್ಳಿ: ಹೊಸ ಡಿಸ್ಕನ್ನು ಹೊರಗಿನಿಂದ ಜೋಡಿಸಲು ಯುಎಸ್‌ಬಿ-ಸಾಟಾ ಕೇಬಲ್ ಅಥವಾ ಎಂ.2ಗೆ ಸರಿಹೊಂದುವ ಯುಎಸ್‌ಬಿ ಡಬ್ಬಿ. ಬ್ಯಾಕಪ್‌ಗೆ ಬೇರೊಂದು ಹೊರಗಿನ ಡಿಸ್ಕ್. ಕನಿಷ್ಠ 8 ಜಿಬಿಯ ಪೆನ್ ಡ್ರೈವ್. ಸಣ್ಣ ತಲೆಯ ಪ್ಲಸ್ ಸ್ಕ್ರೂಡ್ರೈವರ್, ಕೈಪಿಡಿ ಹೇಳಿದ್ದರೆ ನಕ್ಷತ್ರಾಕಾರದ ಟಾರ್ಕ್ಸ್ ಕೂಡ. ಕ್ಲಿಪ್ ಬಿಡಿಸಲು ಪ್ಲಾಸ್ಟಿಕ್ ಪಟ್ಟಿ. ಎಂ.2 ಎಸ್‌ಎಸ್‌ಡಿಯ ಪೊಟ್ಟಣದಲ್ಲಿ ಅದನ್ನು ಬಿಗಿಯುವ ಪುಟ್ಟ ಸ್ಕ್ರೂ ಬಹಳ ಸಲ ಇರುವುದಿಲ್ಲ, ಖಾಲಿ ಸ್ಲಾಟಿನಲ್ಲಿಯೂ ಇಲ್ಲದಿರಬಹುದು, ಅದನ್ನೂ ತಂದಿಟ್ಟುಕೊಳ್ಳಿ.

ಹಂತ 3: ಬ್ಯಾಕಪ್ ಮಾಡಿ, ಗೂಢಲಿಪಿಯ ಬೀಗ ತೆಗೆಯಿರಿ

ಬ್ಯಾಕಪ್ ಎಂದರೆ ಕಡತಗಳ ಇನ್ನೊಂದು ಪ್ರತಿ, ಮೂರನೆಯದೊಂದು ಡಿಸ್ಕಿನಲ್ಲಿ. ಹಳೆಯ ಡಿಸ್ಕ್ ಇದ್ದೇ ಇದೆಯಲ್ಲ, ಹೊಸದಕ್ಕೂ ನಕಲು ಮಾಡುತ್ತೇವಲ್ಲ ಎಂದು ಬ್ಯಾಕಪ್ ಬಿಡುವವರು ಬಹಳ. ಆದರೆ ನಕಲು ಮಾಡುವಾಗ ಮೂಲ ಯಾವುದು, ಗುರಿ ಯಾವುದು ಎಂಬುದನ್ನು ಅದಲುಬದಲು ಮಾಡಿದರೆ ಖಾಲಿ ಡಿಸ್ಕ್ ತುಂಬಿದ ಡಿಸ್ಕಿನ ಮೇಲೆ ಕೂತುಬಿಡುತ್ತದೆ. ಅಲ್ಲದೆ ಬಳಲಿದ ಹಾರ್ಡ್ ಡಿಸ್ಕ್ ಪೂರ್ತಿಯಾಗಿ ಓದಿಸಿಕೊಳ್ಳುವ ಈ ದೀರ್ಘ ಕೆಲಸದ ನಡುವೆಯೇ ಕೈಕೊಡುವುದುಂಟು. ಬ್ಯಾಕಪ್ ಆದ ಮೇಲೆ ಅದರಿಂದ ನಾಲ್ಕಾರು ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಎರಡನೆಯ ಕೆಲಸ ಬಿಟ್‌ಲಾಕರ್ ಕುರಿತದ್ದು. ಇದು ಡಿಸ್ಕಿನ ಮಾಹಿತಿಯನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ. ಹಲವು ವಿಂಡೋಸ್ 11 ಯಂತ್ರಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಬಳಕೆದಾರರ ಗಮನಕ್ಕೆ ಬಾರದೆಯೇ ಇದು ಚಾಲೂ ಆಗಿರುತ್ತದೆ. ಬಯೋಸ್‌ನಲ್ಲಿ ಬದಲಾವಣೆ ಮಾಡಿದಾಗ 48 ಅಂಕಿಗಳ ರಿಕವರಿ ಕೀ ಕೇಳಿ ಯಂತ್ರ ನಿಂತುಬಿಡಬಹುದು. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿದೆಯೇ ಎಂದು ನೋಡಿ, ಕಾಗದದ ಮೇಲೆ ಬರೆದಿಡಿ. ಅನಂತರ ಸೆಟ್ಟಿಂಗ್ಸ್‌ಗೆ ಹೋಗಿ ಇದನ್ನು ಪೂರ್ತಿ ಆಫ್ ಮಾಡಿ, ಬೀಗ ತೆಗೆಯುವ ಕೆಲಸ ಸಂಪೂರ್ಣ ಮುಗಿಯುವವರೆಗೆ ಕಾಯಿರಿ. ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಇದಕ್ಕೆ ಗಂಟೆಗಳೇ ಬೇಕಾದೀತು. ಎಲ್ಲ ಮುಗಿದ ಮೇಲೆ ಹೊಸ ಡಿಸ್ಕಿನಲ್ಲಿ ಮತ್ತೆ ಆನ್ ಮಾಡಿಕೊಳ್ಳಬಹುದು.

ಮೂರನೆಯದು ಕೆಲವರಿಗಷ್ಟೇ ಅನ್ವಯಿಸುವಂಥದ್ದು. ಇಂಟೆಲ್ ಆಪ್ಟೇನ್ ಮೆಮೊರಿ ಎಂಬ ಚೀಟಿ ನಿಮ್ಮ ಯಂತ್ರದ ಮೇಲಿದ್ದರೆ, ಹಾರ್ಡ್ ಡಿಸ್ಕಿನ ವೇಗ ಹೆಚ್ಚಿಸಲು 16 ಜಿಬಿಯಂಥ ಸಣ್ಣ ಎಂ.2 ಸಾಧನವನ್ನು ಅದರೊಡನೆ ಹೆಣೆದಿದ್ದಾರೆಂದು ಅರ್ಥ. ಇಂಟೆಲ್‌ನದೇ ತಂತ್ರಾಂಶದಲ್ಲಿ ಆಪ್ಟೇನನ್ನು ಮೊದಲು ನಿಷ್ಕ್ರಿಯಗೊಳಿಸದೆ ಎರಡರಲ್ಲಿ ಯಾವುದನ್ನು ಕಿತ್ತರೂ ವಿಂಡೋಸ್ ಬೂಟ್ ಆಗದಿರಬಹುದು. ಐಮ್ಯಾಕ್‌ನ ಫ್ಯೂಷನ್ ಡ್ರೈವ್ ಕೂಡ ಇದೇ ಜಾತಿಯದು: ಸಣ್ಣ ಎಸ್‌ಎಸ್‌ಡಿ ಮತ್ತು ದೊಡ್ಡ ಹಾರ್ಡ್ ಡಿಸ್ಕ್ ಸೇರಿ ಒಂದೇ ಡ್ರೈವಾಗಿ ಕಾಣುತ್ತವೆ, ಒಂದನ್ನು ಬೇರ್ಪಡಿಸಿದರೆ ಇಡೀ ಡ್ರೈವಿನ ಮಾಹಿತಿ ಹೋಗುತ್ತದೆ. ಅಲ್ಲಿ ಮ್ಯಾಕ್‌ನದೇ ಬ್ಯಾಕಪ್ ವ್ಯವಸ್ಥೆಯಾದ ಟೈಮ್ ಮಷೀನ್‌ನಲ್ಲಿ ಪ್ರತಿ ಇಲ್ಲದೆ ಕೈಹಾಕಲೇಬಾರದು.

ಹಂತ 4: ನಕಲು ಮಾಡುವುದೋ, ಹೊಸದಾಗಿ ಇನ್‌ಸ್ಟಾಲ್ ಮಾಡುವುದೋ?

ಎರಡು ದಾರಿಗಳಿವೆ. ಕ್ಲೋನ್ ಎಂದರೆ ಹಳೆಯ ಡಿಸ್ಕಿನ ಎಲ್ಲ ಪಾರ್ಟಿಷನ್‌ಗಳನ್ನು, ಅಂದರೆ ಡಿಸ್ಕನ್ನು ವಿಂಗಡಿಸಿದ ಭಾಗಗಳನ್ನು, ಬೂಟ್ ಮಾಹಿತಿಯ ಸಮೇತ ಹೊಸದಕ್ಕೆ ಯಥಾವತ್ತಾಗಿ ಇಳಿಸುವುದು. ಪ್ರೋಗ್ರಾಂಗಳು, ಸೆಟ್ಟಿಂಗ್‌ಗಳು, ಪಾಸ್‌ವರ್ಡ್‌ಗಳು ಎಲ್ಲವೂ ಇದ್ದಂತೆಯೇ ಬರುತ್ತವೆ, ವರ್ಷಗಳಿಂದ ಸೇರಿದ ಕಸವೂ ಬರುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿದರೆ ಯಂತ್ರ ಹಗುರಾಗುತ್ತದೆ, ಆದರೆ ಪ್ರೋಗ್ರಾಂಗಳನ್ನೆಲ್ಲ ಮತ್ತೆ ಹಾಕಿಕೊಳ್ಳಬೇಕು. ಮತ್ತೆ ಹಾಕಿಕೊಳ್ಳಲು ಕಷ್ಟವಾದ, ಲೈಸೆನ್ಸ್ ಕಳೆದುಹೋದ ತಂತ್ರಾಂಶವೇನಾದರೂ ಇದ್ದರೆ ಕ್ಲೋನ್ ಮಾಡಿ. ಇಲ್ಲವಾದರೆ, ಅದರಲ್ಲೂ ಹಳೆಯ ವಿಂಡೋಸ್ ಆಗಾಗ ತಕರಾರು ಮಾಡುತ್ತಿದ್ದರೆ, ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಲೇಸು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಕೊನೆಗೊಂಡಿರುವುದರಿಂದ, ಯಂತ್ರಕ್ಕೆ ವಿಂಡೋಸ್ 11ರ ಅರ್ಹತೆಯಿದ್ದರೆ ಅದಕ್ಕೆ ಸಾಗಲು ಇದು ಸರಿಯಾದ ಸಂದರ್ಭ. ವಿಂಡೋಸ್‌ನ ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಿಸಿದ ಮಾತ್ರಕ್ಕೆ ಹೊಸದು ಕೊಳ್ಳಬೇಕಾಗಿಲ್ಲ.

ಕ್ಲೋನ್ ಮಾಡಲು ಹೊಸ ಡಿಸ್ಕನ್ನು ಯುಎಸ್‌ಬಿ ಮೂಲಕ ಜೋಡಿಸಿ, ಡಿಸ್ಕ್ ತಯಾರಕರೇ ಕೊಡುವ ತಂತ್ರಾಂಶ ಬಳಸಿ. ಉಚಿತ ಹಾಗೂ ಮುಕ್ತ ತಂತ್ರಾಂಶವಾದ ಕ್ಲೋನ್‌ಜಿಲ್ಲಾ ಕೂಡ ಈ ಕೆಲಸ ಮಾಡುತ್ತದೆ, ಆದರೆ ಸಾಮಾನ್ಯವಾಗಿ ಅದಕ್ಕೆ ಗುರಿ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಾಗಿರಬೇಕು. 1 ಟಿಬಿ ಹಾರ್ಡ್ ಡಿಸ್ಕಿನಿಂದ 500 ಜಿಬಿ ಎಸ್‌ಎಸ್‌ಡಿಗೆ ಹೋಗುವವರು ಮೊದಲು ಪಾರ್ಟಿಷನ್ ಕುಗ್ಗಿಸಬೇಕು, ಇಲ್ಲವೇ ತಾನಾಗಿ ಹೊಂದಿಸಿಕೊಳ್ಳುವ ತಂತ್ರಾಂಶ ಬಳಸಬೇಕು. ಶುರುಮಾಡುವ ಮುನ್ನ ಮೂಲ ಮತ್ತು ಗುರಿಯನ್ನು ಗಾತ್ರ ನೋಡಿ ಗುರುತಿಸಿದರೆ ಸಾಲದು, ಮಾದರಿಯ ಹೆಸರನ್ನೂ ನೋಡಿ. ಎರಡೂ 1 ಟಿಬಿ ಇದ್ದಾಗ ಗಾತ್ರ ನೋಡಿ ಏನೂ ತಿಳಿಯದು. ಒಂದೇ ಸಲಕ್ಕೆ, ಸಿ ಡ್ರೈವ್ ಮಾತ್ರವಲ್ಲದೆ ಇಡೀ ಡಿಸ್ಕನ್ನು ಆಯ್ದುಕೊಳ್ಳಿ. ಬೂಟ್ ಮಾಹಿತಿ ಇರುವುದು ಕಣ್ಣಿಗೆ ಕಾಣದ ಸಣ್ಣ ಪಾರ್ಟಿಷನ್‌ನಲ್ಲಿ.

ಯಾವ ದಾರಿ ಹಿಡಿದರೂ ವಿಂಡೋಸ್ ಇನ್‌ಸ್ಟಾಲ್ ಮಾಡುವ ಪೆನ್ ಡ್ರೈವನ್ನು ಈಗಲೇ ಸಿದ್ಧಮಾಡಿಡಿ. ಕ್ಲೋನ್ ಕೈಕೊಟ್ಟ ದಿನ ಬೂಟ್ ಸರಿಪಡಿಸಲು ಅದು ಬೇಕಾಗುತ್ತದೆ, ಆ ಹೊತ್ತಿಗೆ ನಿಮ್ಮ ಕಂಪ್ಯೂಟರ್ ಬಿಚ್ಚಿ ಮಲಗಿರುತ್ತದೆ.

ಹಂತ 5: ಯಂತ್ರವನ್ನು ತೆರೆಯುವುದು

ಶಟ್‌ಡೌನ್ ಮಾಡಿ, ಸ್ಲೀಪ್ ಅಲ್ಲ, ಪೂರ್ತಿ ಶಟ್‌ಡೌನ್. ವಿದ್ಯುತ್ ಪ್ಲಗ್ ಅಥವಾ ಅಡಾಪ್ಟರ್ ಕೀಳಿ, ಉಳಿದ ಎಲ್ಲ ಕೇಬಲ್‌ಗಳನ್ನೂ ಬಿಡಿಸಿ, ಆಮೇಲೆ ಪವರ್ ಬಟನ್ನನ್ನು ಹತ್ತು-ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಬೋರ್ಡಿನಲ್ಲಿ ಉಳಿದಿರುವ ವಿದ್ಯುತ್ ಇದರಿಂದ ಬಹುಮಟ್ಟಿಗೆ ಖಾಲಿಯಾಗುತ್ತದೆ. ಆದರೂ ವಿದ್ಯುತ್ ಪೂರೈಕೆಯ ಭಾಗ ದೇಹದೊಳಗೇ ಇರುವ ಯಂತ್ರದಲ್ಲಿ ಆ ಭಾಗವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ.

ಮೇಜಿನ ಮೇಲೆ ದಪ್ಪ ಮೆತ್ತನೆಯ ಬಟ್ಟೆ ಹಾಸಿ ಪರದೆಯನ್ನು ಕೆಳಮುಖವಾಗಿ ಮಲಗಿಸಿ. ಹಾಸುವ ಮುನ್ನ ಬಟ್ಟೆಯನ್ನು ಕೊಡವಿ, ಬಟ್ಟೆಯಡಿಯ ಒಂದು ಸ್ಕ್ರೂ ಅಥವಾ ಮರಳಿನ ಕಣ ಸಾಕು ಪರದೆಯ ಮೇಲೆ ಗೀರು ಬೀಳಲು. ಮಲಗಿಸಿದ ಮೇಲೆ ಹಿಂಬದಿಯ ಮೇಲೆ ಭಾರ ಹಾಕಬೇಡಿ, ಕೈ ಊರಬೇಡಿ. ಉಣ್ಣೆಯ ಬಟ್ಟೆ ತೊಟ್ಟಿದ್ದರೆ ಬದಲಿಸಿ. ಮೈಮೇಲಿನ ಸ್ಥಾಯಿ ವಿದ್ಯುತ್ತು ಚಿಪ್‌ಗಳನ್ನು ಸುಡಬಲ್ಲದು. ಮಣಿಕಟ್ಟಿಗೆ ಕಟ್ಟುವ ಪಟ್ಟಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಯಂತ್ರದ ಒಳಗಿನ ಬಣ್ಣವಿಲ್ಲದ ಲೋಹದ ಚೌಕಟ್ಟನ್ನು ಆಗಾಗ ಮುಟ್ಟುತ್ತಿರಿ.

ಮುಂದಿನ ಕ್ರಮ ಮಾದರಿಯಿಂದ ಮಾದರಿಗೆ ಬೇರೆ. ಸಾಮಾನ್ಯವಾಗಿ ನಿಲ್ಲಿಸುವ ಸ್ಟ್ಯಾಂಡ್ ಮೊದಲು, ಆಮೇಲೆ ಹಿಂಬದಿಯ ಮುಚ್ಚಳ, ಅದರೊಳಗೆ ಲೋಹದ ತಗಡು, ಅದರ ಕೆಳಗೆ ಡಿಸ್ಕ್ ಇರುತ್ತವೆ. ಕೆಲವು ಮಾದರಿಗಳಲ್ಲಿ ಹಿಂಬದಿ ತೆರೆಯುವುದೇ ಇಲ್ಲ, ಮುಂದಿನ ಪರದೆಯನ್ನೇ ಎತ್ತಬೇಕು. ಮುಚ್ಚಳ ಮೇಲೇಳದಿದ್ದರೆ ಬಲ ಹಾಕುವ ಮುನ್ನ ರಬ್ಬರ್ ಕಾಲುಗಳ ಅಡಿಯಲ್ಲಿ, ಚೀಟಿಗಳ ಕೆಳಗೆ, ಸ್ಟ್ಯಾಂಡ್ ಕೂರುವ ಕುಳಿಯಲ್ಲಿ ಬಚ್ಚಿಟ್ಟ ಸ್ಕ್ರೂ ಇದೆಯೇ ನೋಡಿ. ಪ್ಲಾಸ್ಟಿಕ್ ಪಟ್ಟಿಯನ್ನು ಅಂಚಿನ ಸಂದಿಗೆ ತೂರಿಸಿ ನಿಧಾನವಾಗಿ ಸುತ್ತ ಸಾಗಿ. ಲೋಹದ ಸ್ಕ್ರೂಡ್ರೈವರಿನಿಂದ ಮೀಟಿದರೆ ಅಂಚು ಜಜ್ಜುತ್ತದೆ, ಒಳಗಿನ ತಂತಿಯೂ ಕತ್ತರಿಸಬಹುದು. ಮುಚ್ಚಳ ಸಡಿಲವಾದೊಡನೆ ಒಮ್ಮೆಲೇ ಎತ್ತಬೇಡಿ. ಸ್ಪೀಕರ್, ವೆಬ್‌ಕ್ಯಾಮ್, ಪವರ್ ಬಟನ್‌ಗಳ ತಂತಿ ಅದಕ್ಕೇ ಅಂಟಿಕೊಂಡಿರಬಹುದು. ಎರಡು ಬೆರಳಷ್ಟು ಎತ್ತಿ, ಬಗ್ಗಿ ನೋಡಿ, ತಂತಿಯ ಕನೆಕ್ಟರ್ ಬಿಡಿಸಿದ ಮೇಲೆಯೇ ಪೂರ್ತಿ ತೆಗೆಯಿರಿ. ಪಟ್ಟಿಯಂಥ ತೆಳು ಕೇಬಲ್‌ಗಳಿಗೆ ಸಣ್ಣ ಕದದಂಥ ಬೀಗವಿರುತ್ತದೆ. ಉಗುರಿನಿಂದ ಆ ಕದ ಎತ್ತಿದರೆ ಕೇಬಲ್ ತಾನೇ ಸಡಿಲವಾಗುತ್ತದೆ, ಎಳೆದರೆ ಹರಿಯುತ್ತದೆ.

ಪ್ರತಿ ಪದರ ತೆಗೆಯುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಸ್ಕ್ರೂಗಳನ್ನು ಕಾಗದದ ಮೇಲೆ ಅವು ಬಂದ ಜಾಗದ ನಕ್ಷೆ ಬರೆದು ಅಲ್ಲಲ್ಲೇ ಟೇಪಿನಿಂದ ಅಂಟಿಸಿ. ಗಿಡ್ಡ ಸ್ಕ್ರೂ ಇರಬೇಕಾದ ಕಡೆ ಉದ್ದದ್ದು ಹೋದರೆ ಅದರ ತುದಿ ಪರದೆಯ ಹಿಂಭಾಗವನ್ನು ಚುಚ್ಚುತ್ತದೆ.

ಹಂತ 6: ಡಿಸ್ಕ್ ಬದಲಿಸುವುದು

ಇಷ್ಟು ದೂರ ಬಂದ ಮೇಲೆ ಈ ಕೆಲಸ ಚಿಕ್ಕದು. ಹಾರ್ಡ್ ಡಿಸ್ಕ್ ಕೂತಿರುವ ತಟ್ಟೆಯನ್ನು ಕನೆಕ್ಟರಿನಿಂದ ಆಚೆಗೆ ನೇರವಾಗಿ ಸರಿಸಿ ತೆಗೆಯಿರಿ. ಕೇಬಲ್ ಇದ್ದರೆ ತಂತಿ ಹಿಡಿದೆಳೆಯದೆ ಕನೆಕ್ಟರಿನ ಪ್ಲಾಸ್ಟಿಕ್ ಹಿಡಿದು ಬಿಡಿಸಿ. ತಟ್ಟೆಯ ಪಕ್ಕದ ಸ್ಕ್ರೂಗಳನ್ನೂ ಅಲುಗಾಟ ತಡೆಯುವ ರಬ್ಬರ್‌ಗಳನ್ನೂ ಹೊಸ ಎಸ್‌ಎಸ್‌ಡಿಗೆ ವರ್ಗಾಯಿಸಿ, ಮೊದಲಿದ್ದ ದಿಕ್ಕಿನಲ್ಲೇ ಕೂರಿಸಿ, ಕನೆಕ್ಟರ್ ಪೂರ್ತಿ ಒಳಹೋಗಿದೆಯೆಂದು ಕಣ್ಣಾರೆ ನೋಡಿ.

ಎಂ.2 ಎಸ್‌ಎಸ್‌ಡಿಯನ್ನು ಸುಮಾರು 30 ಡಿಗ್ರಿ ಓರೆಯಾಗಿ ಸ್ಲಾಟಿಗೆ ತೂರಿಸಬೇಕು. ಅದರ ಅಂಚಿನ ಕಚ್ಚು ಸ್ಲಾಟಿನ ಕಚ್ಚಿಗೆ ಹೊಂದಬೇಕು. ಹೊಂದದಿದ್ದರೆ ತಿರುಗಿಸಿ ನೋಡಿ, ಒತ್ತಬೇಡಿ. ಚಿನ್ನದ ಬಣ್ಣದ ಸಂಪರ್ಕಗಳು ಹೆಚ್ಚುಕಡಿಮೆ ಕಾಣದಷ್ಟು ಒಳಹೋದ ಮೇಲೆ ಇನ್ನೊಂದು ತುದಿಯನ್ನು ಕೆಳಗೆ ಬಾಗಿಸಿ ಸ್ಕ್ರೂ ಹಾಕಿ. ಬಿಗಿ ಸಾಕು, ತಿರುಚುವಷ್ಟು ಬೇಡ.

ಎಂ.2ನಲ್ಲಿ ಸಿಸ್ಟಂ ಇಟ್ಟು ಹಳೆಯ ಹಾರ್ಡ್ ಡಿಸ್ಕನ್ನು ಕಡತಗಳಿಗೆಂದು ಒಳಗೇ ಉಳಿಸಿಕೊಳ್ಳುವವರೂ ಮೊದಲ ಬೂಟ್ ಮುಗಿಯುವವರೆಗೆ ಅದರ ಸಂಪರ್ಕ ತಪ್ಪಿಸಿಡಬೇಕು. ಒಂದೇ ಗುರುತು ಹೊತ್ತ ಎರಡು ಡಿಸ್ಕ್ ಒಟ್ಟಿಗಿದ್ದರೆ ವಿಂಡೋಸ್ ಒಂದನ್ನು ಬದಿಗಿಡುತ್ತದೆ, ಇಲ್ಲವೇ ಹಳೆಯದರಿಂದಲೇ ಬೂಟ್ ಆಗಿ, ಏನೂ ವೇಗ ಬರಲಿಲ್ಲವಲ್ಲ ಎಂದು ನೀವು ತಲೆಕೆಡಿಸಿಕೊಳ್ಳುವಂತಾಗುತ್ತದೆ.

ಹಂತ 7: ಮುಚ್ಚುವ ಮುನ್ನ ಬೂಟ್ ಮಾಡಿ ನೋಡಿ

ಪರದೆ ದೇಹಕ್ಕೆ ಜೋಡಿಸಿಕೊಂಡೇ ಇದ್ದು, ಬಿಡಿಸಿದ ತಂತಿಗಳನ್ನು ಮತ್ತೆ ಸೇರಿಸಲು ಸಾಧ್ಯವಿದ್ದು, ವಿದ್ಯುತ್ ಪೂರೈಕೆ ಹೊರಗಿನ ಅಡಾಪ್ಟರಿನಿಂದ ಬರುವ ಯಂತ್ರವಾಗಿದ್ದರೆ, ಮುಚ್ಚಳವನ್ನು ಕ್ಲಿಪ್ ಕೂರಿಸದೆ ಸುಮ್ಮನೆ ಇಟ್ಟು ಒಮ್ಮೆ ಆನ್ ಮಾಡಿ ನೋಡುವುದು ಜಾಣತನ. ವಿದ್ಯುತ್ ಪೂರೈಕೆ ಒಳಗೇ ಇರುವ ಯಂತ್ರವನ್ನು ಪೂರ್ತಿ ಮುಚ್ಚಿಯೇ ಆನ್ ಮಾಡಬೇಕು.

ಮೊದಲು ಬಯೋಸ್‌ಗೆ ಹೋಗಿ. ಎಫ್2, ಎಫ್10, ಡಿಲೀಟ್ ಮುಂತಾದ ಕೀಲಿಗಳಲ್ಲಿ ಯಾವುದೆಂದು ಕೈಪಿಡಿ ಹೇಳುತ್ತದೆ. ಹೊಸ ಡಿಸ್ಕಿನ ಹೆಸರು ಅಲ್ಲಿ ಕಾಣಬೇಕು. ಕಾಣದಿದ್ದರೆ ವಿಂಡೋಸ್‌ನ ಗೊಡವೆಗೆ ಹೋಗದೆ ಸಂಪರ್ಕವನ್ನೇ ಮತ್ತೆ ನೋಡಿ. ಕಂಡರೆ ಬೂಟ್ ಕ್ರಮದಲ್ಲಿ ಅದನ್ನು ಮೊದಲಿಗಿಡಿ.

ಡಿಸ್ಕ್ ಬಯೋಸ್‌ನಲ್ಲಿ ಕಂಡರೂ ಕ್ಲೋನ್ ಮಾಡಿದ ವಿಂಡೋಸ್ ನೀಲಿ ಪರದೆ ತೋರಿಸಿ, ಬೂಟ್ ಡಿಸ್ಕ್ ಸಿಗುತ್ತಿಲ್ಲವೆಂಬ ಸಂದೇಶದೊಡನೆ ನಿಲ್ಲುವುದು ಸಾಟಾದಿಂದ ಎನ್‌ವಿಎಂಇಗೆ ಹೋದವರಿಗೆ ಎದುರಾಗುವ ಸಾಮಾನ್ಯ ತೊಡಕು. ಹೊಸ ಬಗೆಯ ಡಿಸ್ಕಿಗೆ ಬೇಕಾದ ಡ್ರೈವರನ್ನು, ಅಂದರೆ ಆ ಸಾಧನವನ್ನು ನಡೆಸುವ ತಂತ್ರಾಂಶವನ್ನು, ವಿಂಡೋಸ್ ಬೂಟ್ ಹಂತದಲ್ಲಿ ಚಾಲೂ ಮಾಡಿಕೊಂಡಿರುವುದಿಲ್ಲ. ಸಿದ್ಧವಿಟ್ಟ ಪೆನ್ ಡ್ರೈವಿನಿಂದ ರಿಪೇರಿ ಆಯ್ಕೆಗೆ ಹೋಗಿ ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಮಾಡಿದರೆ ಅದು ಡ್ರೈವರನ್ನು ಗುರುತಿಸಿಕೊಂಡು ಮುಂದಿನ ಸಲ ಸರಿಯಾಗಿ ಶುರುವಾಗುವುದುಂಟು. ಬಯೋಸ್‌ನಲ್ಲಿ ಡಿಸ್ಕಿನೊಡನೆ ವ್ಯವಹರಿಸುವ ವಿಧಾನವನ್ನು ರೇಡ್‌ನಿಂದ ಎಎಚ್‌ಸಿಐಗೆ ಬದಲಿಸಿದ್ದರೂ ಇದೇ ತೊಂದರೆ, ಇದೇ ಪರಿಹಾರ. ಕಾರಣವಿಲ್ಲದೆ ಆ ಸೆಟ್ಟಿಂಗ್ ಮುಟ್ಟದಿರುವುದು ಮೇಲು.

ವಿಂಡೋಸ್ ತೆರೆದ ಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿ. ಹೊಸ ಡಿಸ್ಕ್ ದೊಡ್ಡದಾಗಿದ್ದರೆ ಕೊನೆಯಲ್ಲಿ ಹಂಚಿಕೆಯಾಗದ ಜಾಗ ಕಾಣುತ್ತದೆ. ಸಿ ಡ್ರೈವನ್ನು ವಿಸ್ತರಿಸುವ ಆಯ್ಕೆ ಮಸುಕಾಗಿದ್ದರೆ ಎರಡರ ನಡುವೆ ರಿಕವರಿ ಪಾರ್ಟಿಷನ್ ಕೂತಿದೆಯೆಂದು ಅರ್ಥ. ಅದನ್ನು ಅಳಿಸದೆ, ಪಾರ್ಟಿಷನ್ ಸರಿಸಬಲ್ಲ ತಂತ್ರಾಂಶದಿಂದ ಕೊನೆಗೆ ಸರಿಸಿ, ಅನಂತರ ವಿಸ್ತರಿಸಿ. 2 ಟಿಬಿಗಿಂತ ದೊಡ್ಡ ಡಿಸ್ಕ್ ಹಾಕಿದ್ದರೆ ಅದರ ಪಾರ್ಟಿಷನ್‌ಗಳ ಪಟ್ಟಿ ಜಿಪಿಟಿ ವಿಧಾನದಲ್ಲಿರಬೇಕು. ಹಳೆಯ ಎಂಬಿಆರ್ ವಿಧಾನಕ್ಕೆ 2 ಟಿಬಿಯ ಆಚೆಗಿನ ಜಾಗ ಕಾಣಿಸದು. ವಿಂಡೋಸ್‌ನ ಡ್ರೈವ್ ಆಪ್ಟಿಮೈಜ್ ಪಟ್ಟಿಯಲ್ಲಿ ಹೊಸ ಡಿಸ್ಕ್ ಎಸ್‌ಎಸ್‌ಡಿ ಎಂದೇ ದಾಖಲಾಗಿದೆಯೇ ಎಂದೂ ನೋಡಿ. ಹಾಗಿದ್ದರೆ ಅದು ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್‌ನ ಬದಲು ಟ್ರಿಮ್ ನಡೆಸುತ್ತದೆ, ಅಂದರೆ ಅಳಿಸಿದ ಕಡತಗಳ ಜಾಗ ಖಾಲಿಯಾಗಿದೆಯೆಂದು ಡಿಸ್ಕಿಗೆ ತಿಳಿಸುತ್ತದೆ. ಬೇರೆ ತಂತ್ರಾಂಶದಿಂದ ಎಸ್‌ಎಸ್‌ಡಿಯನ್ನು ಡಿಫ್ರಾಗ್ ಮಾಡಬೇಡಿ. ಲಾಭವಿಲ್ಲ, ಸವೆತ ಮಾತ್ರ.

ಎಲ್ಲ ಸರಿಯಿದ್ದರೆ ಮತ್ತೆ ಶಟ್‌ಡೌನ್ ಮಾಡಿ, ವಿದ್ಯುತ್ ಕಿತ್ತು, ತೆಗೆದ ಕ್ರಮದ ಹಿಮ್ಮುಖದಲ್ಲಿ ಮುಚ್ಚಿ. ಸ್ಪೀಕರ್, ವೆಬ್‌ಕ್ಯಾಮ್, ವೈ-ಫೈ ಮೂರನ್ನೂ ಪರೀಕ್ಷಿಸಿ. ಮುಚ್ಚುವ ಭರದಲ್ಲಿ ಮರೆತುಹೋಗುವುದು ಇವುಗಳ ಕನೆಕ್ಟರ್‌ಗಳೇ.

ಹಂತ 8: ಹಳೆಯ ಹಾರ್ಡ್ ಡಿಸ್ಕ್

ಅದನ್ನು ಕೂಡಲೇ ಅಳಿಸಬೇಡಿ. ಕೆಲವು ವಾರ ಹಾಗೆಯೇ ಎತ್ತಿಡಿ. ಎಲ್ಲೋ ಮೂಲೆಯ ಫೋಲ್ಡರಿನಲ್ಲಿದ್ದ ಕಡತವೊಂದು ನೆನಪಾಗುವುದು ಸಾಮಾನ್ಯವಾಗಿ ಆಗಲೇ. ಆಮೇಲೆ ಅದರ ಆರೋಗ್ಯವನ್ನು ಸ್ಮಾರ್ಟ್ ಮಾಹಿತಿಯಲ್ಲಿ, ಅಂದರೆ ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ದಾಖಲೆಯಲ್ಲಿ, ನೋಡಿ. ಕೆಟ್ಟ ಸೆಕ್ಟರ್‌ಗಳ ಎಣಿಕೆ ಸೊನ್ನೆಯಾಗಿದ್ದರೆ ಯುಎಸ್‌ಬಿ ಡಬ್ಬಿಗೆ ಹಾಕಿ ಬ್ಯಾಕಪ್‌ನ ಎರಡನೆಯ ಪ್ರತಿಗೆ ಬಳಸಬಹುದು. ಎಣಿಕೆ ಏರುತ್ತಿದ್ದರೆ ಅದರಲ್ಲಿ ಏನನ್ನೂ ಇಡಬೇಡಿ. ಮಾರುವುದು ಅಥವಾ ಯಾರಿಗಾದರೂ ಕೊಡುವುದಾದರೆ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದು ಕಡತಗಳ ಪಟ್ಟಿಯನ್ನಷ್ಟೇ ತೆಗೆಯುತ್ತದೆ. ಕ್ವಿಕ್ ಆಯ್ಕೆಯ ಗುರುತು ತೆಗೆದು ಪೂರ್ಣ ಫಾರ್ಮ್ಯಾಟ್ ಮಾಡಿ; ಆಗ ವಿಂಡೋಸ್ ಇಡೀ ಪಾರ್ಟಿಷನ್ ಮೇಲೆ ಸೊನ್ನೆಗಳನ್ನು ಬರೆಯುತ್ತದೆ. ಡಿಸ್ಕಿನಲ್ಲಿ ಬೇರೆ ಪಾರ್ಟಿಷನ್‌ಗಳಿದ್ದರೆ ಅವಕ್ಕೂ ಹೀಗೆಯೇ ಮಾಡಿದ ಮೇಲೆ ಡಿಸ್ಕನ್ನು ಕೈದಾಟಿಸಿ.